ಥರ್ಮಾಕೋಲ್ ದೇವಿಯ ಮುಂದೆ ಮಾಳಪ್ಪಣ್ಣನ ಡೊಳ್ಳು

ಅಂಕಲಿ

ಮೊದಲೇ ಹೇಳಿಬಿಡುತ್ತೇನೆ, ಮೊರಾಕ್ಕೊ ಹೇಗಿದೆ ಎಂದು ನನ್ನನ್ನು ಕೇಳಿ ಉಪಯೋಗವಿಲ್ಲ. ಹನ್ನೆರಡು ದಿನ ಅಲ್ಲಿದ್ದೆ, ನಿಜ. ಅದರಲ್ಲಿ ಒಂಬತ್ತು ದಿನ ಒಂದೇ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದೆ. ಸಮುದ್ರ ನೋಡಲಿಲ್ಲ, ಒಂಟೆ ಹತ್ತಲಿಲ್ಲ, ಮೊಮ್ಮಗಳು ಹೇಳಿ ಕಳಿಸಿದ್ದ ಬಣ್ಣದ ಗಾಜಿನ ದೀಪ ತರುವುದನ್ನೂ ಮರೆತೆ. ಹೋದದ್ದು ಮೊರಾಕ್ಕೊಗೆ, ಕಂಡದ್ದು ಮಾತ್ರ ಹಿಂದುಸ್ತಾನ. ಅದೂ ಅರವತ್ತು ವರ್ಷ ಇಲ್ಲೇ ಬದುಕಿದ ನಾನು ಎಂದೂ ಕಾಣದ ಹಿಂದುಸ್ತಾನ.

ನನ್ನ ಊರು ಚಿಕ್ಕೋಡಿ ತಾಲೂಕಿನ ಅಂಕಲಿ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದೆ. ನಿವೃತ್ತಿಯಾದ ಮೇಲೆ ನನ್ನ ಪ್ರವಾಸವೆಂದರೆ ಮನೆಯಿಂದ ಬಸದಿ, ಬಸದಿಯಿಂದ ಮನೆ. ಅಷ್ಟಕ್ಕೇ ಮೊಣಕಾಲು ಗೊಣಗುತ್ತದೆ. ಹೀಗಿರುವಾಗ ಒಂದು ಬೆಳಿಗ್ಗೆ ಮಾಳಪ್ಪಣ್ಣ ಬಂದ. ಅವನು ರಾಯಬಾಗ ಕಡೆಯ ಕುರುಬ. ಕಬ್ಬು ಕಡಿದ ಮೇಲೆ ಗೊಬ್ಬರಕ್ಕೆಂದು ನಮ್ಮ ಹೊಲದಲ್ಲಿ ಪ್ರತಿವರ್ಷ ಅವನ ಕುರಿ ಕೂರಿಸುತ್ತೇವೆ. ಅವನ ಅಪ್ಪನ ಕುರಿಗಳನ್ನು ನನ್ನ ಮಾವನವರು ಕೂರಿಸುತ್ತಿದ್ದರು. ವಯಸ್ಸು ಎಪ್ಪತ್ತರ ಹತ್ತಿರ, ಹೆಗಲ ಮೇಲೆ ಕರಿ ಕಂಬಳಿ, ಹಣೆಯಲ್ಲಿ ಭಂಡಾರ. ಭಂಡಾರವೆಂದರೆ ಅವರ ದೇವರು ಬೀರಪ್ಪನ ಅರಿಶಿನ ಪುಡಿ.

“ಅಕ್ಕೋರ, ನಮ್ಮನ್ನ ಪರದೇಶಕ್ಕ ಕರಿಯಾಕತ್ತಾರ್ರಿ,” ಎಂದ ಕಟ್ಟೆಯ ಮೇಲೆ ಕೂತು.

“ಯಾರು? ಯಾಕ?”

“ಸಿನಿಮಾದವ್ರ್ರಿ. ನಮ್ಮ ಡೊಳ್ಳ ಬಾರಸೂದನ್ನ ಮೊಬೈಲಿನ್ಯಾಗ ನೋಡ್ಯಾರಂತ. ನಾನು, ನನ್ನ ತಮ್ಮ ಲಗಮಣ್ಣ, ಮತ್ತ ಇನ್ನಿಬ್ರು. ಅವರ ಮಾತ ನಮಗ ತಿಳಿಯಂಗಿಲ್ಲ, ನಮ್ಮ ಮಾತ ಅವರಿಗಿ ತಿಳಿಯಂಗಿಲ್ಲ. ನಡುವ ನೀವೊಬ್ರ ಇದ್ರ ಸಾಕ್ರಿ.”

ನಾನು ಮೊಣಕಾಲು ತೋರಿಸಿದೆ. ಅವನು ತನ್ನ ಮೊಣಕಾಲು ತೋರಿಸಿದ. ಅದು ನನ್ನದಕ್ಕಿಂತ ಹೆಚ್ಚು ಊದಿತ್ತು. ಮಾತು ಅಲ್ಲಿಗೆ ಮುಗಿಯಿತು.

ಎದ್ದು ಹೋಗುವ ಮೊದಲು ಅವನು ಎರಡು ಕಟ್ಟಳೆ ಹೇಳಿದ. “ಇದು ನಮ್ಮ ಮನಿ ಡೊಳ್ಳ್ರಿ, ಮುತ್ತ್ಯಾನ ಕಾಲದ್ದು. ಭಂಡಾರ ಹಚ್ಚಿ, ಬೀರಪ್ಪನ ಹೆಸರ ತಗೊಂಡ ಸುರು ಮಾಡಿದ್ರ ಮಂಗಳ ಹಾಡೂತನಕ ನಡುವ ನಿಲ್ಲಸಂಗಿಲ್ಲ. ಇನ್ನೊಂದು, ಸಾವಿನ ಮುಂದ ಬಾರಸಂಗಿಲ್ಲ. ನಮ್ಮ ಅಪ್ಪ ಹ್ವಾದಾಗ ಹದಿಮೂರು ದಿವಸ ಇದನ್ನ ಕಂಬಳ್ಯಾಗ ಸುತ್ತಿ ಇಟ್ಟಿದ್ವಿ. ಈ ಎರಡೂ ಅವರಿಗಿ ಹೇಳ್ರಿ.”

“ಹೇಳ್ತೀನಿ,” ಎಂದೆ. ಮೊದಲನೆಯದನ್ನು ಹೇಳಿದೆ. ಎರಡನೆಯದನ್ನು ಹೇಳಬೇಕೆನ್ನುವಷ್ಟರಲ್ಲಿ ಸಿನಿಮಾದವರ ಮುಂಬೈ ಏಜೆಂಟ್ ಫೋನ್ ಇಟ್ಟುಬಿಟ್ಟಿದ್ದ. ಆಮೇಲೆ ಹೇಳಿದರಾಯಿತು ಅಂದುಕೊಂಡೆ.

ವಿಮಾನದಲ್ಲಿ

ನಿಪ್ಪಾಣಿಯಿಂದ ಮುಂಬೈವರೆಗೆ ಡೊಳ್ಳು ನಮ್ಮ ಜೀಪಿನಲ್ಲಿ ನಮಗಿಂತ ಹೆಚ್ಚು ಜಾಗ ಹಿಡಿದು ಕೂತಿತ್ತು. ವಿಮಾನದಲ್ಲಿ ಅದನ್ನು ಸಾಮಾನಿನ ಜೊತೆ ಕೆಳಗೆ ಹಾಕುತ್ತಾರೆ ಎಂದಾಗ ಮಾಳಪ್ಪಣ್ಣನ ಮುಖ ಬಾಡಿತು. ತನ್ನ ಹೆಗಲ ಕಂಬಳಿ ತೆಗೆದು ಡೊಳ್ಳಿಗೆ ಸುತ್ತಿದ. ನಲವತ್ತು ವರ್ಷದಲ್ಲಿ ಕಂಬಳಿ ಇಲ್ಲದ ಅವನ ಹೆಗಲನ್ನು ನಾನು ನೋಡಿದ್ದು ಅದೇ ಮೊದಲು. ಚಳಿ ಹತ್ತೀತೆಂದು ನನ್ನ ಶಾಲು ಕೊಟ್ಟೆ. ವಿಮಾನದಲ್ಲಿ ಅವನು ಗುಲಾಬಿ ಶಾಲು ಹೊದ್ದು ಕೂತದ್ದನ್ನು ನೋಡಿ ಲಗಮಣ್ಣ ಎರಡು ತಾಸು ನಕ್ಕ.

ಹಾರಿದ ಮೇಲೆ ನಾನು ಚೀಲದಿಂದ ಕಾಗದ ತೆಗೆದೆ. ಸಿನಿಮಾ ಕಂಪನಿಯ ಸಹಾಯಕಿ ಎಮ್ಮಾ ಎಂಬ ಹುಡುಗಿ ಹಿಂದಿನ ದಿನವಷ್ಟೇ ಕಳಿಸಿದ್ದ ನಾಲ್ಕು ಪುಟ. ನಮ್ಮವರು ಬರುವ ದೃಶ್ಯ ಅದರಲ್ಲಿತ್ತು. ಹಿಂದುಸ್ತಾನದ ಒಂದು ದಟ್ಟ ಕಾಡು. ಕಾಡಿನೊಳಗೆ ನಾಗಮಾತೆಯ ಗುಡಿ. ಅಲ್ಲಿಯ ಜನ ಹುಣ್ಣಿಮೆಗೊಬ್ಬ ಹುಡುಗಿಯನ್ನು ಬಲಿ ಕೊಡುತ್ತಾರೆ. ಬಲಿಯ ಹೊತ್ತಿಗೆ ಡೊಳ್ಳು ಬಾರಿಸಿದರೆ ಕಲ್ಲಿನ ಹಾವಿಗೆ ಎಚ್ಚರವಾಗುತ್ತದೆ. ಒಬ್ಬಳ ಬಲಿಯಾದ ಮೇಲೆ ಬೇರೆ ದೇಶದ ನಾಯಕ ಗೋಡೆ ಹಾರಿ ಬಂದು, ಅವಳ ಅಕ್ಕನನ್ನು ಬಿಡಿಸಿ, ಹೋಗುವಾಗ ದೇವಿಯ ಕಣ್ಣಿನ ರತ್ನವನ್ನೂ ಕಿತ್ತುಕೊಂಡು ಹೋಗುತ್ತಾನೆ. ಗುಡಿಯ ಒಡವೆ ಕದ್ದವನು ನಾಯಕ, ಗುಡಿಯಲ್ಲಿ ಬಾರಿಸುವವರು ರಾಕ್ಷಸರು. ಡೊಳ್ಳಿನವರ ಹೆಸರಿನ ಮುಂದೆ ‘ಕ್ರೂರ ಮುಖ’ ಎಂದು ಬರೆದಿತ್ತು. ಪಕ್ಕದಲ್ಲಿ ಗುಲಾಬಿ ಶಾಲಿನೊಳಗೆ ತೂಕಡಿಸುತ್ತಿದ್ದ ಮುಖವನ್ನು ನೋಡಿದೆ.

ಕಾಗದದ ಸದ್ದಿಗೆ ಅವನು ಕಣ್ಣು ತೆರೆದ. “ಏನ ಬರದಾರ್ರಿ, ಅಕ್ಕೋರ?”

“ಒಂದ ದೇವಿ ಗುಡಿ ಐತಿ. ಮಳಿಗಾಗಿ ಹರಕಿ ಹೊತ್ತಿರ್ತಾರ. ಅದಕ್ಕ ನೀವು ಡೊಳ್ಳ ಬಾರಸೂದು,” ಎಂದೆ.

“ಚಲೋ ಆತ್ರಿ,” ಎಂದು ಮತ್ತೆ ಕಣ್ಣು ಮುಚ್ಚಿದ.

ಯಾಕೆ ಹಾಗೆ ಹೇಳಿದೆ? ಆಗ ನನಗೆ ನಾನೇ ಕೊಟ್ಟುಕೊಂಡ ಕಾರಣಗಳು ಬಹಳ ಇದ್ದವು. ದಣಿದಿದ್ದೆ. ವಿಮಾನ ಹಾರಿಯಾಗಿತ್ತು. ನಾಲ್ಕು ಮನೆಯವರು ಹಾರ ಹಾಕಿ ಕಳಿಸಿದ್ದರು. ಸಿನಿಮಾ ತಾನೇ, ನಿಜವಾಗಿ ಯಾರನ್ನು ಕೊಲ್ಲುತ್ತಾರೆ? ಈ ಎಲ್ಲದರ ಕೆಳಗೆ ಇನ್ನೊಂದು ಇತ್ತು. ಅದನ್ನು ಬರೆಯಲು ನಾಚಿಕೆಯಾಗುತ್ತದೆ. ಕುರಿ ಕಾಯುವವನಿಗೆ ಇದೆಲ್ಲ ಹೇಗೆ ತಿಳಿಸಿ ಹೇಳಲಿ, ತಿಳಿದು ಅವನು ಮಾಡುವುದಾದರೂ ಏನು ಎಂದು ಅಂದುಕೊಂಡೆ.

ಮರುಭೂಮಿಯ ಅಂಚಿನ ಊರು

ಮರುಭೂಮಿಯ ಅಂಚಿಗಿದ್ದ ಆ ಊರು ಸಿನಿಮಾದಿಂದಲೇ ಬದುಕುತ್ತದೆ. ಕೆಂಪು ಮಣ್ಣಿನ ಮನೆಗಳು, ಮಣ್ಣಿನ ಮಾಳಿಗೆ. ಅಥಣಿ ಕಡೆಯ ಹಳೆ ಮಾಳಿಗೆ ಮನೆಗಳಂತೆಯೇ ದಪ್ಪ ಗೋಡೆ, ಸಣ್ಣ ಕಿಟಕಿ. ದೂರದಲ್ಲಿ ಮಾತ್ರ ಹಿಮ ಹೊತ್ತ ಬೆಟ್ಟ. ಆಫ್ರಿಕಾ ಎಂದ ಮೇಲೆ ಸಿಂಹ ಇರಲೇಬೇಕೆಂದು ಲಗಮಣ್ಣ ಕೋಣೆಯ ಕಿಟಕಿಯನ್ನು ಎರಡು ದಿನ ತೆರೆಯಲಿಲ್ಲ. ಅವನನ್ನು ನೋಡಿ ನಕ್ಕ ನಾನೇನು ಕಡಿಮೆಯಲ್ಲ. ಸಣ್ಣವಳಿದ್ದಾಗ ಚಿಕ್ಕೋಡಿಯ ಟೆಂಟಿನಲ್ಲಿ ನೋಡಿದ ಸಾಹಸದ ಸಿನಿಮಾಗಳಲ್ಲಿ ಉದ್ದ ಅಂಗಿಯ ಅರಬರೆಲ್ಲ ಬಾಗಿದ ಕತ್ತಿ ಹಿಡಿದು ಸಂತೆಯಲ್ಲಿ ಹೆಂಗಸರನ್ನು ಅಟ್ಟಿಸಿಕೊಂಡು ಬರುತ್ತಿದ್ದರು. ಅದು ತಲೆಯಲ್ಲಿ ಎಲ್ಲೋ ಉಳಿದುಬಿಟ್ಟಿತ್ತು.

ಎರಡನೇ ದಿನ ಸಂತೆಯಲ್ಲಿ ಖರ್ಜೂರ ಕೊಂಡು ಹೊರಟಾಗ, ಉದ್ದ ಅಂಗಿಯ ಒಬ್ಬ ಮುದುಕ ಕೂಗುತ್ತ ನನ್ನ ಹಿಂದೆ ಬಂದ. ನಾನು ಚೀಲವನ್ನು ಎದೆಗೊತ್ತಿಕೊಂಡು ನಡೆದೆ. ಅವನು ಜೋರಾಗಿ ಬಂದ. ನಾನೂ ಜೋರಾದೆ. ಊದಿದ ಮೊಣಕಾಲು ಅಷ್ಟು ಚುರುಕಾಗಬಲ್ಲದೆಂದು ಅಂದೇ ತಿಳಿದದ್ದು. ಕೊನೆಗೆ ಒಂದು ಗೋಡೆ ಅಡ್ಡ ಬಂತು, ತಿರುಗಿ ನಿಂತೆ. ಅವನು ಏದುಸಿರು ಬಿಡುತ್ತ ಕೈ ಚಾಚಿದ. ಕೈಯಲ್ಲಿ ನನ್ನ ಕನ್ನಡಕವಿತ್ತು.

“ಬಹನ್‌ಜೀ,” ಎಂದ ಹಿಂದಿಯಲ್ಲಿ, “ಆಪ್ ಕಾ ಚಶ್ಮಾ.”

ಅವನ ಹೆಸರು ಬ್ರಾಹಿಂ. ಹಿಂದಿ ಸಿನಿಮಾ ನೋಡಿ ನೋಡಿ ಹಿಂದಿ ಕಲಿತವನು. ಮಾತಾಡುವಾಗ ಪ್ರತಿ ವಾಕ್ಯದಲ್ಲೂ ಯಾರೋ ಸಾಯುತ್ತಿರುವಂತೆ ದುಃಖ ತುಂಬಿರುತ್ತಿತ್ತು. ಕೆಲಸ, ಸಿನಿಮಾದಲ್ಲಿ ಗುಂಪಿನೊಳಗೊಬ್ಬನಾಗಿ ನಿಲ್ಲುವುದು. ಮರುದಿನ ನೋಡಿದರೆ ನಮ್ಮದೇ ಸಿನಿಮಾದಲ್ಲಿ ಅವನಿಗೆ ಪೂಜಾರಿಯ ವೇಷ. “ರೋಮ್ ಮೇ ಮರಾ, ಮಿಸರ್ ಮೇ ಮರಾ, ಚೀನ್ ಮೇ ದೋ ಬಾರ್ ಮರಾ,” ಎಂದು ಬೆರಳು ಮಡಚಿದ. “ಅಬ್ ಹಿಂದುಸ್ತಾನ್.” ಇಷ್ಟು ದೇಶಗಳಲ್ಲಿ ಸತ್ತವನು ಆ ಊರಿನ ಗಡಿ ದಾಟಿದವನೇ ಅಲ್ಲವಂತೆ.

ಊಟದ ಕಥೆ ಬೇರೆ. ನಾವು ಜೈನರು ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ, ನೆಲದೊಳಗೆ ಬೆಳೆದ ಗಡ್ಡೆ ತಿನ್ನುವುದಿಲ್ಲ. ಅಲ್ಲಿ ಎಲ್ಲರ ಊಟ ಶುರುವಾಗುವುದೇ ಹೊತ್ತು ಮುಳುಗಿದ ಮೇಲೆ, ಮಣ್ಣಿನ ಗಡಿಗೆ ತೆರೆದರೆ ಒಳಗೆ ಗಜ್ಜರಿ, ಆಲೂಗಡ್ಡೆ. ಸಿನಿಮಾದ ಅಡುಗೆಯವನಿಗೆ ನನ್ನ ಮೇಲೆ ಕನಿಕರ ಹುಟ್ಟಿ, ‘ಹಿಂದುಸ್ತಾನಿ ಊಟ’ ಎಂದು ಪ್ರತಿದಿನ ಹಳದಿ ಬಣ್ಣದ ಏನನ್ನೋ ತಂದಿಡುತ್ತಿದ್ದ. ಅದರೊಳಗೂ ಆಲೂಗಡ್ಡೆ ಇರುತ್ತಿತ್ತು. ನಾನು ಮನೆಯಿಂದ ತಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಖರ್ಜೂರದ ಮೇಲೆ ದಿನ ದೂಡಿದೆ.

ದೇವಿ

ಸ್ಟುಡಿಯೊದೊಳಗೆ ರೋಮಿನ ಬೀದಿ ಮುಗಿದ ಕಡೆ ಈಜಿಪ್ಟ್ ಶುರುವಾಗುತ್ತದೆ, ಈಜಿಪ್ಟಿನ ಹಿತ್ತಲಲ್ಲಿ ಟಿಬೆಟ್. ಟಿಬೆಟ್ಟಿಗೆ ಹೊಸ ಬಣ್ಣ ಬಳಿದು ಹಿಂದುಸ್ತಾನ ಮಾಡಿದ್ದರು. ಮಾಳಪ್ಪಣ್ಣ ಹೋದವನೇ ಗುಡಿಯ ಕಂಬಕ್ಕೆ ಬೆರಳಿನಿಂದ ತಟ್ಟಿದ. ಐವತ್ತು ವರ್ಷ ಚರ್ಮ ತಟ್ಟಿದ ಬೆರಳು. “ಒಳಗ ಪೊಳ್ಳ ಐತ್ರಿ,” ಎಂದ.

ನಾಗಮಾತೆ ಎರಡಾಳೆತ್ತರ, ಥರ್ಮಾಕೋಲಿನವಳು. ಚಾಚಿದ ನಾಲಿಗೆ ನಮ್ಮ ಕಡೆಯ ಉಗ್ರದೇವತೆಗಳದು. ಕಣ್ಣಿನ ಕಾಡಿಗೆ ಈಜಿಪ್ಟಿನದು. ತಲೆಯ ಮೇಲಿನ ಗರಿಗಳು ಅಮೆರಿಕದ ಯಾವುದೋ ಕಾಡಿನವು. ಕೊರಳಲ್ಲಿ ಪ್ಲಾಸ್ಟಿಕ್ ಬುರುಡೆಗಳು. ಇಷ್ಟಕ್ಕೆ ನನಗೆ ನಗು ಬಂತು. ಆಮೇಲೆ ತಲೆ ಎತ್ತಿದೆ. ಅವಳ ಮೇಲೆ ಹೆಡೆ ಬಿಚ್ಚಿದ ಹಾವು. ಎಣಿಸಿದೆ. ಏಳು ಹೆಡೆ. ಕೂತ ಭಂಗಿಯೂ ಪದ್ಮಾಸನ. ನಮ್ಮ ಬಸದಿಯ ಪಾರ್ಶ್ವನಾಥರು ಹೀಗೇ ಕೂತಿದ್ದಾರೆ, ಮೇಲೆ ಹೀಗೇ ಏಳು ಹೆಡೆ. ಬಿರುಗಾಳಿ ಮಳೆಯಲ್ಲಿ ತಪಸ್ಸಿಗೆ ಕೂತವರಿಗೆ ಕೊಡೆಯಾದ ಹಾವು ಅದು. ಇಲ್ಲಿ ಅದಕ್ಕೆ ಹುಡುಗಿಯರನ್ನು ನುಂಗುವ ಕೆಲಸ ಕೊಟ್ಟಿದ್ದರು.

ಎಮ್ಮಾಳಿಗೆ ಹೇಳಿದೆ. ಒಳ್ಳೆಯ ಹುಡುಗಿ, ಯಾವಾಗಲೂ ಒಂದು ನೋಟುಪುಸ್ತಕ ಹಿಡಿದಿರುತ್ತಿದ್ದಳು. ಅವಳು ಕಣ್ಣರಳಿಸಿ ಎಲ್ಲವನ್ನೂ ಬರೆದುಕೊಂಡಳು. “ಎಷ್ಟು ಸೊಗಸಾದ ಕಥೆ! ಹಾಗಾದರೆ ನಮ್ಮ ಹಾವಿಗೂ ಆಧಾರವಿದೆ ಅಂತಾಯಿತು,” ಎಂದಳು.

“ಅದು ಕಾಯುವ ಹಾವು, ಕೊಲ್ಲುವುದಲ್ಲ,” ಎಂದೆ.

“ಹೌದು ಹೌದು. ಆದರೆ ನೋಡುವವರಿಗೆ ಹಾವು ಎಂದರೆ ಒಂದು ನಿರೀಕ್ಷೆ ಇರುತ್ತದಲ್ಲ,” ಎಂದು ನನ್ನ ಕೈ ಅದುಮಿದಳು.

ನನ್ನದು ಹೀಗಾದ ಮೇಲಾದರೂ ಮಾಳಪ್ಪಣ್ಣನಿಗೆ ನಿಜ ಹೇಳಬೇಕಿತ್ತು. ನನ್ನ ದೇವರ ಹಾವಿಗೆ ಮುಖ ಸಿಂಡರಿಸಿದವಳು ಅವನ ದೇವರ ಡೊಳ್ಳಿನ ಬಗ್ಗೆ ಬಾಯಿ ಬಿಡಲಿಲ್ಲ. ಇವತ್ತು ಬೇಡ ನಾಳೆ, ನಾಳೆ ಬೇಡ ನಾಡಿದ್ದು ಎಂದು ಕುರ್ಚಿಯ ಮೇಲೆ ಕೂತೇ ಇದ್ದೆ.

ನಿಲ್ಲದ ಡೊಳ್ಳು

ಮೊದಲ ದಿನದ ತಾಲೀಮಿನಲ್ಲಿ ಒಂದು ಗೊಂದಲವಾಯಿತು. ಡೈರೆಕ್ಟರ್ ‘ಆ್ಯಕ್ಷನ್’ ಎಂದ. ಮಾಳಪ್ಪಣ್ಣ ಡೊಳ್ಳಿಗೆ ಭಂಡಾರ ಹಚ್ಚಿ, ಬೀರಪ್ಪನನ್ನು ಕರೆದು ಶುರು ಮಾಡಿದ. ಎರಡು ನಿಮಿಷಕ್ಕೆ ಡೈರೆಕ್ಟರ್ ‘ಕಟ್’ ಎಂದ. ಡೊಳ್ಳು ನಿಲ್ಲಲಿಲ್ಲ. ಇನ್ನೊಮ್ಮೆ ಕೂಗಿದ. ಲಗಮಣ್ಣ ತಾಳ ಬಡಿಯುತ್ತ ಅವನತ್ತ ನೋಡಿ ಪ್ರೀತಿಯಿಂದ ತಲೆಯಾಡಿಸಿದ. ಡೈರೆಕ್ಟರ್ ಕೈಯಲ್ಲಿದ್ದ ಕಾಗದ ನೆಲಕ್ಕೆಸೆದು ನನ್ನತ್ತ ಓಡಿ ಬಂದ. ಕಟ್ಟಳೆಯನ್ನು ನಾನು ಹೇಳಿದ್ದು ಏಜೆಂಟನಿಗೆ, ಅವನು ಯಾರಿಗೂ ಹೇಳಿರಲಿಲ್ಲ. ನೂರು ಜನ ನಿಂತಲ್ಲೇ ನಿಂತರು. ಡೊಳ್ಳಿನ ಪದ ಮುಗಿದು ಮಂಗಳವಾಗಿ, ಮಾಳಪ್ಪಣ್ಣ ಕಂಬಳಿ ಹಾಸಿ ಡೊಳ್ಳನ್ನು ಅದರ ಮೇಲಿಟ್ಟು, ಎದುರಿಗೆ ಸಿಕ್ಕವರ ಹಣೆಗೆಲ್ಲ ಭಂಡಾರ ಹಚ್ಚಿದ ಮೇಲೆಯೇ ಮುಂದಿನ ಕೆಲಸ.

ಕೊನೆಗೆ ಒಂದು ಒಪ್ಪಂದವಾಯಿತು. ತಾಲೀಮಿಗೆಲ್ಲ ಸ್ಟುಡಿಯೊದ ಸುಳ್ಳು ಡೊಳ್ಳು. ಮನೆಯ ಡೊಳ್ಳು ಕೊನೆಯ ಚಿತ್ರೀಕರಣಕ್ಕೆ, ಒಂದೇ ಸಲ.

ಆರನೇ ದಿನ ಆ ಒಂದು ಸಲ ಬಂತು. ತಾಲೀಮುಗಳಲ್ಲಿ ಕಲ್ಲಿನ ಪೀಠದ ಮೇಲೆ ಒಂದು ಮರಳಿನ ಚೀಲ ಇಡುತ್ತಿದ್ದರು. ಅದನ್ನು ಹರಕೆಯ ಧಾನ್ಯವೆಂದೇ ನಮ್ಮವರು ತಿಳಿದಿದ್ದರು. ನಾನು ತಿದ್ದಿರಲಿಲ್ಲ. ಆ ದಿನ ಮಾಳಪ್ಪಣ್ಣ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ, ಉಪವಾಸ. “ಮಳಿ ಹರಕಿ ಅಂದ ಮ್ಯಾಲ ಸುಮ್ನ ಬಾರಿಸಿದ್ರ ನಡ್ಯಾಂಗಿಲ್ರಿ. ಇಲ್ಲೆ ನೆಲ ಭಾಳ ಒಣಗೇತಿ,” ಎಂದ. ಆ ದೇಶದ ನೆಲಕ್ಕಾಗಿ ಅವನು ಉಪವಾಸವಿದ್ದ. ಹೇಳಲು ಆಗಲೂ ಹತ್ತು ನಿಮಿಷವಿತ್ತು. ಹೇಳಲಿಲ್ಲ.

ಡೊಳ್ಳು ಶುರುವಾಯಿತು. ಸುಳ್ಳು ಗುಡಿಯಾದರೇನು, ಸದ್ದು ನಿಜದ್ದು. ಎದೆಯೊಳಗೆ ಯಾರೋ ನಡೆದಾಡಿದಂತಾಯಿತು. ಆಗ ನಾಲ್ಕು ಜನ ಕಿರುಚುತ್ತಿದ್ದ ಒಬ್ಬ ಹುಡುಗಿಯನ್ನು ಎಳೆತಂದು ಪೀಠದ ಮೇಲೆ ಮಲಗಿಸಿದರು. ಬ್ರಾಹಿಂ ಪೂಜಾರಿಯ ವೇಷದಲ್ಲಿ ಕತ್ತಿ ಎತ್ತಿದ.

ಮಾಳಪ್ಪಣ್ಣನ ಕಣ್ಣು ಮೊದಲು ಹುಡುಗಿಯ ಮೇಲೆ, ಆಮೇಲೆ ಕತ್ತಿಯ ಮೇಲೆ, ಆಮೇಲೆ ನನ್ನ ಮೇಲೆ ಬಂತು. ನಾನು ತಲೆ ತಗ್ಗಿಸಿದೆ. ನಡುವೆ ನಿಲ್ಲಿಸುವಂತಿಲ್ಲ, ಸಾವಿನ ಮುಂದೆ ಬಾರಿಸುವಂತಿಲ್ಲ. ಅವನ ಕೈ ಮಾತ್ರ ತಪ್ಪಲಿಲ್ಲ. ಮೂರ್ನಾಲ್ಕು ಪೆಟ್ಟಿನೊಳಗೆ ಅವನು ಪದ ಬಿಟ್ಟು ಮಂಗಳಕ್ಕೆ ಹೊರಳಿದ. ಲಗಮಣ್ಣ ಗಾಬರಿಯಿಂದ ಅಣ್ಣನನ್ನು ನೋಡಿ, ತಾಳ ಬದಲಿಸಿದ. ಬಾರಿಸುತ್ತಲೇ ಮಾಳಪ್ಪಣ್ಣ ಹೆಜ್ಜೆ ಹಾಕಿ ಪೀಠದ ಹತ್ತಿರ ಹೋದ. ಕತ್ತಿಗೂ ಹುಡುಗಿಗೂ ನಡುವೆ ಡೊಳ್ಳು ಹೊಕ್ಕಿತು. ಬ್ರಾಹಿಂ ಕತ್ತಿ ಹಿಡಿದೇ ಎರಡು ಹೆಜ್ಜೆ ಹಿಂದೆ ಸರಿದ. ಮಂಗಳ ಮುಗಿಯಿತು. ಮಾಳಪ್ಪಣ್ಣ ಸೊಂಟದ ಚೀಲದಿಂದ ಭಂಡಾರ ತೆಗೆದು ಹುಡುಗಿಯ ಹಣೆ ತುಂಬ ಹಚ್ಚಿ, ಅವಳ ತಲೆಯ ಮೇಲೆ ಕೈಯಿಟ್ಟ.

“ಚಲೋ ಬಾಳ ಮಗಳ. ಬೀರಪ್ಪ ಕಾಯ್ತಾನ,” ಎಂದ.

ಇನ್ನು ಡೈರೆಕ್ಟರ್ ಕೂಗಾಡುತ್ತಾನೆ, ನಮ್ಮನ್ನು ಕಳಿಸಿಬಿಡುತ್ತಾನೆ ಎಂದು ಕಾದೆ. ಕಳಿಸಿದರೆ ಒಳ್ಳೆಯದೆಂದು ಮನಸ್ಸು ಬೇಡುತ್ತಲೂ ಇತ್ತು. ಅವನು ಕೂಗಿದ್ದು ಬೇರೆ. “ಅದ್ಭುತ! ಮೈ ನಡುಗಿತು! ಹಳದಿ ಗುರುತು! ಇದನ್ನು ಬರೆದು ಮಾಡಿಸಲು ಸಾಧ್ಯವೇ ಇರಲಿಲ್ಲ!” ಜನ ಚಪ್ಪಾಳೆ ತಟ್ಟಿದರು.

ನಟಿ ಹುಡುಗಿ ಎದ್ದು ಕೂತು ಹಣೆ ಮುಟ್ಟಿಕೊಂಡಳು. ನನ್ನ ಬಳಿ ಬಂದು, “ಅವರು ನನಗೆ ಏನೋ ಹೇಳಿದರಲ್ಲ, ಏನದು?” ಎಂದು ಮೆಲ್ಲಗೆ ಕೇಳಿದಳು. ಡೈರೆಕ್ಟರ್ ಪಕ್ಕದಲ್ಲೇ ನಿಂತಿದ್ದ. ಆ ಮಾತಿನ ಅರ್ಥ ಹೇಳಿದರೆ ಉಳಿದದ್ದನ್ನೆಲ್ಲ ಹೇಳಬೇಕಾಗುತ್ತಿತ್ತು.

“ಅದೊಂದು ಪದ್ಧತಿ,” ಎಂದೆ.

ಗೋಡೆಯಾಚೆಯ ಕುರಿಗಳು

ಮರುದಿನ ರಜೆ. ಸ್ಟುಡಿಯೊದ ಹಿಂಬದಿ ಗೋಡೆಯಾಚೆ ಬ್ರಾಹಿಂನ ತಮ್ಮನ ಕುರಿದೊಡ್ಡಿ ಇತ್ತು. ಬ್ರಾಹಿಂ ನಮ್ಮನ್ನು ಚಹಾಕ್ಕೆ ಕರೆದ. ಪುದೀನ ಹಾಕಿದ ಚಹಾವನ್ನು ಮೊಳದೆತ್ತರದಿಂದ ಲೋಟಕ್ಕೆ ಸುರಿಯುತ್ತಾರೆ, ಒಂದು ಹನಿ ಹೊರಗೆ ಬೀಳುವುದಿಲ್ಲ. ಮಾಳಪ್ಪಣ್ಣ ಚಹಾ ಬಿಟ್ಟು ಸೀದಾ ಕುರಿಗಳ ನಡುವೆ ಹೋದ. ಒಂದನ್ನು ಹಿಡಿದು ಬಾಯಿ ತೆರೆದು ಹಲ್ಲು ನೋಡಿ ವಯಸ್ಸು ಅಳೆದು, ನಾಲ್ಕು ಬೆರಳು ಎತ್ತಿದ. ಬ್ರಾಹಿಂನ ತಮ್ಮ ನಕ್ಕು, ತಾನೂ ನಾಲ್ಕು ಬೆರಳು ಎತ್ತಿದ. ಇಡೀ ಪ್ರವಾಸದಲ್ಲಿ ನನ್ನ ಹಂಗಿಲ್ಲದೆ ಸರಿಯಾಗಿ ದಾಟಿದ ಮಾತು ಅದೊಂದೇ.

ಮಾಳಪ್ಪಣ್ಣನಿಗೆ ಕುರಿ ಮೇಯಿಸಲು ಮಹಾರಾಷ್ಟ್ರ ಸುತ್ತಿ ಅಲ್ಪಸ್ವಲ್ಪ ಹಿಂದಿ ಬರುತ್ತದೆ. ಬ್ರಾಹಿಂ ಅವನ ಬೆನ್ನು ತಟ್ಟಿ, ತನ್ನ ದುಃಖದ ದನಿಯಲ್ಲಿ, ನಿನ್ನೆ ನೀನು ಚೆನ್ನಾಗಿ ಮಾಡಿದೆ ಭಾಯಿ, ಆದರೆ ಲಡ್ಕಿ ಸಾಯುವುದು ಸಾಯುವುದೇ, ಕಾಗದದಲ್ಲಿ ಮೊದಲಿಂದಲೂ ಹಾಗೇ ಬರೆದಿದೆ, ನಾಯಕ ಬಿಡಿಸುವುದು ಅವಳ ಅಕ್ಕನನ್ನು, ಇವಳನ್ನಲ್ಲ, ನಿನ್ನ ಮೇಡಂ ಹತ್ತಿರ ಕಾಗದ ಇದೆಯಲ್ಲ ಎಂದ. ಅವನಿಗೆ ಕೆಟ್ಟ ಉದ್ದೇಶವಿರಲಿಲ್ಲ. ಸಾವಿರ ಸಲ ಸತ್ತವನಿಗೆ ಅದು ಹವಾಮಾನದ ಮಾತು.

ಮಾಳಪ್ಪಣ್ಣ ಕುರಿಯನ್ನು ಬಿಟ್ಟು ನನ್ನತ್ತ ತಿರುಗಿದ. “ಅಕ್ಕೋರ, ಕಾಗದದಾಗ ಇದ ಬರದಿತ್ತೇನ್ರಿ?”

“ಹೌದು.”

“ವಿಮಾನದಾಗ ಕೇಳಿದ್ನಲ್ಲಾ, ಆವಾಗೂ ಇತ್ತೇನ್ರಿ?”

“ಇತ್ತು. ನಿಮಗ ತ್ರಾಸ ಆಗಬಾರ್ದು ಅಂತ…”

ಅವನು ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ತಡೆದುಕೊಳ್ಳಬಹುದಿತ್ತು. “ತ್ರಾಸ ನಂದಿತ್ರಿ ಅಕ್ಕೋರ,” ಎಂದ. “ಅದನ್ನ ನೀವ್ಯಾಕ ಇಟಗೊಂಡ್ರಿ?”

ಉಳಿದ ದಿನಗಳಲ್ಲಿ ಅವನು ನನ್ನೊಂದಿಗೆ ಬೇಕಾದಷ್ಟೇ ಮಾತಾಡಿದ. ಡೊಳ್ಳನ್ನು ಕಂಬಳಿಯಲ್ಲಿ ಸುತ್ತಿ ಕೋಣೆಯ ಮೂಲೆಯಲ್ಲಿಟ್ಟ. ಡೈರೆಕ್ಟರ್ ಇನ್ನೊಂದು ಸಲ ಬಾರಿಸಲು ಹೇಳಿಕಳಿಸಿದಾಗ, “ಡೊಳ್ಳ ಮಲಗೇತಿ ಅಂತ ಹೇಳ್ರಿ,” ಎಂದ. ಈ ಸಲ ಒಂದಕ್ಷರ ಬದಲಿಸದೆ ಹೇಳಿದೆ. ಎಮ್ಮಾ ಅದನ್ನೂ ನೋಟುಪುಸ್ತಕದಲ್ಲಿ ಬರೆದುಕೊಂಡಳು.

ಹಿಂದಿರುಗುವಾಗ ವಿಮಾನದಲ್ಲಿ ಮಾಳಪ್ಪಣ್ಣ ಚಳಿಗೆ ನಡುಗುತ್ತಿದ್ದ. ಗುಲಾಬಿ ಶಾಲು ಕೊಟ್ಟೆ. “ಬ್ಯಾಡ್ರಿ,” ಎಂದ. ಮುಂಬೈಯಿಂದ ರಾಯಬಾಗದವರೆಗೆ ನಮ್ಮಿಬ್ಬರ ನಡುವೆ ಡೊಳ್ಳು ಕೂತಿತ್ತು.

ಮತ್ತೆ ಅಂಕಲಿ, ನಮ್ಮ ಹೊಲ

ಮರುವರ್ಷ ಕಬ್ಬು ಕಡಿದಾದ ಮೇಲೆ ಕುರಿ ಬರಲಿಕ್ಕಿಲ್ಲ ಎಂದೇ ತಿಳಿದಿದ್ದೆ. ಮಗ ಬೇರೆಯವರಿಗೆ ಹೇಳೋಣವೇ ಎಂದ. ಇರು ಎಂದೆ. ಎಂಟು ದಿನ ಹೊಲ ಬರಿದಾಗಿತ್ತು. ಒಂಬತ್ತನೇ ದಿನ ದಾರಿಯಲ್ಲಿ ಧೂಳೆದ್ದಿತು. ಮುಂದೆ ಲಗಮಣ್ಣ, ಹಿಂದೆ ಕುರಿಗಳು, ಎಲ್ಲಕ್ಕೂ ಹಿಂದೆ ಕಂಬಳಿ ಹೊದ್ದ ಮಾಳಪ್ಪಣ್ಣ. ನಾನು ರೊಟ್ಟಿ, ಪಲ್ಯ, ಮಜ್ಜಿಗೆ ಕಟ್ಟಿಕೊಂಡು ಹೊಲಕ್ಕೆ ಹೋದೆ. ಬದುವಿನ ಮೇಲೆ ಕೂತು ಅವನು ಉಂಡ. ಕೈ ತೊಳೆದು ಹೇಳಿದ, “ಸಿನಿಮಾ ಬಂದೈತಂತಲ್ರಿ. ನೋಡೂಣ. ಏನೇನ ಅಂತಾರ, ಎಲ್ಲಾ ಹೇಳ್ರಿ.”

ಮೊಬೈಲಿನಲ್ಲಿ ಆ ಭಾಗ ಹುಡುಕಿ ಕೊಟ್ಟೆ. ನಮ್ಮವರು ಬರುವುದು ಎರಡು ನಿಮಿಷ. ಕಾಡು, ಬೆಂಕಿ, ಏಳು ಹೆಡೆ. ಬ್ರಾಹಿಂ ಬಾಯಿಂದ ಇಂಗ್ಲಿಷ್. “ಡೊಳ್ಳು ಮಲಗಿದೆ, ರಕ್ತ ಕೊಟ್ಟು ಎಬ್ಬಿಸಿರಿ ಅನ್ನಾಕತ್ತಾನ,” ಎಂದೆ. ಅದು ತನ್ನದೇ ಮಾತೆಂದು ಅವನಿಗೆ ತಿಳಿಯಿತು. ಡೊಳ್ಳು ಮೊಳಗಿತು. ಅವನ ಕೈ ಬಂತು, ಪರದೆ ತುಂಬ, ಹುಡುಗಿಯ ಹಣೆಗೆ ಭಂಡಾರ ಹಚ್ಚಿತು. ನಾಯಕ ಮರೆಯಲ್ಲಿ ನಿಂತು ಗೆಳೆಯನಿಗೆ ಏನೋ ಪಿಸುಗುಟ್ಟಿದ. ಮಾಳಪ್ಪಣ್ಣ ನನ್ನ ಮುಖ ನೋಡಿದ.

“ಅದು ಸಾವಿನ ಗುರುತು. ಹಳದಿ ಹಚ್ಚಿದ್ರಂದ್ರ ಆ ಹುಡುಗಿ ಮುಗೀತು ಅಂತ ಹೇಳಾಕತ್ತಾನ,” ಎಂದೆ. ನನಗೆ ಅಳು ಬಂತು. ಆದರೂ ಪೂರ್ತಿ ಹೇಳಿದೆ.

ಕುರಿಗಳು ಕಬ್ಬಿನ ಒಣ ಎಲೆಯ ರವದಿಯಲ್ಲಿ ಸರಬರ ಓಡಾಡುತ್ತಿದ್ದವು. ಬದುವಿನ ಹತ್ತಿರ ಬಂದ ಒಂದನ್ನು ಅವನು ಕೋಲಿನಿಂದ ಒಳಗೆ ತಿರುಗಿಸಿದ.

“ಆ ಹುಡುಗಿಗಿ ಗೊತ್ತೈತೇನ್ರಿ, ನಾ ಏನ ಅಂದ್ನಂತ?”

“ಇಲ್ಲ. ಆಕಿ ಕೇಳಿದ್ಲು. ನಾ ಹೇಳಲಿಲ್ಲ.”

“ಹಂಗಾರ ಈಗ ಹೇಳ್ರಿ.”

ಎಮ್ಮಾಳ ವಿಳಾಸ ಮೊಬೈಲಿನಲ್ಲಿತ್ತು. ಬದುವಿನ ಮೇಲೆ ಕೂತೇ ಆ ನಟಿಗೆ ತಲುಪಿಸೆಂದು ಪತ್ರ ಬರೆದೆ. ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದವಳಿಗೆ ಆರು ಸಾಲು ಬರೆಯಲು ಮುಕ್ಕಾಲು ತಾಸು ಹಿಡಿಯಿತು. ಅವನು ಕಾದ. ಮುಗಿದ ಮೇಲೆ, “ಓದ್ರಿ, ನಮ್ಮ ಮಾತಿನ್ಯಾಗ,” ಎಂದ.

ಓದಿದೆ. “ಆ ದಿನ ನೀನು ಕೇಳಿದಾಗ ನಾನು ನಿಜ ಹೇಳಲಿಲ್ಲ, ಕ್ಷಮಿಸು. ಆ ಮುದುಕ ನಿನ್ನ ಹಣೆಗೆ ಹಚ್ಚಿದ್ದು ಸಾವಿನ ಗುರುತಲ್ಲ. ನಮ್ಮ ಕಡೆ ಮಕ್ಕಳ ಹಣೆಗೆ ಹಚ್ಚುವುದು ಅದು. ಚೆನ್ನಾಗಿ ಬಾಳು ಮಗಳೇ, ಬೀರಪ್ಪ ಕಾಯುತ್ತಾನೆ ಎಂದು ಅವನು ಹೇಳಿದ. ನಿನ್ನನ್ನು ನಿಜವಾಗಿಯೂ ಕೊಲ್ಲುತ್ತಾರೆಂದು ತಿಳಿದು ಅವನು ಕತ್ತಿಗೆ ಅಡ್ಡ ಬಂದಿದ್ದ. ಅವನಿಗೆ ಹಾಗನಿಸಿದ್ದು ನನ್ನ ತಪ್ಪಿನಿಂದ.”

“ಮುದುಕ ಅಂತ ಬರದೀರೇನ್ರಿ?”

“ಹೌದು. ತಗೀಲಿ?”

“ಇರ್ಲಿ ಬಿಡ್ರಿ,” ಎಂದು ಕೋಲು ಊರಿ ಎದ್ದ. “ಅದೂ ಖರೇನ ಐತಿ.”